ಕರೆಂಟ್ ಬಿಲ್ಲಿಗೆ ಸಾಲ ಬೇಡ

(ಮಹಿಳಾ ಸ್ವಸಹಾಯ ಗುಂಪುಗಳ ಮಾಸಿಕ ಸಭೆಯಲ್ಲಿ ಕಾರ್ಯಕರ್ತೆಯೊಬ್ಬರು ನೀಡಿದ ಮಾಹಿತಿಯ ಬರಹರೂಪ)



ಕಳೆದ ತಿಂಗಳು ಒಂದು ಗುಂಪಿನ ಲೆಕ್ಕದ ಪುಸ್ತಕ ನೋಡುತ್ತಿದ್ದೆ. ಆಂತರಿಕ ಸಾಲದ ಪುಟದಲ್ಲಿ ಒಬ್ಬ ಸದಸ್ಯೆಯ ಹೆಸರಿನ ಮುಂದೆ ಮೂರು ಸಲ ‘ಮನೆ ಖರ್ಚು’ ಎಂದು ಬರೆದಿತ್ತು. ಕೇಳಿದರೆ ಮೊದಲು ಹೇಳಲಿಲ್ಲ. ಆಮೇಲೆ ಮೆಲ್ಲಗೆ, “ಕರೆಂಟ್ ಬಿಲ್ಲಿಗೆ ಅಕ್ಕ, ಹೇಳಲಿಕ್ಕೆ ನಾಚಿಕೆ ಆಯ್ತು” ಅಂದರು. ಬೀಡಿ ಕಟ್ಟುವವರು, ಗಂಡ ಇಲ್ಲ, ಬಾಡಿಗೆ ಮನೆ, ಮಗಳು ಎಸ್ಸೆಸ್ಸೆಲ್ಸಿ. ಮನೆಯಲ್ಲಿ ಇರುವುದು ಎರಡು ಬಲ್ಬು, ಒಂದು ಫ್ಯಾನು, ಒಂದು ಮಿಕ್ಸಿ. ಅಂಥ ಮನೆಗೆ ಬಿಲ್ಲು ಯಾಕೆ ಬರಬೇಕು?

ವಿಚಾರಿಸಿದಾಗ ಗೊತ್ತಾಯಿತು, ಅವರ ಆಧಾರ್ ಹಳೆಯ ಬಾಡಿಗೆ ಮನೆಯ ಮೀಟರಿಗೇ ಜೋಡಣೆಯಾಗಿ ಉಳಿದಿತ್ತು. ಅಲ್ಲಿ ಈಗ ಬೇರೆಯವರಿದ್ದಾರೆ. ಸೌಲಭ್ಯ ಆ ಮೀಟರಿಗೆ, ಸಾಲದ ಬಡ್ಡಿ ಇವರಿಗೆ.

ಗೃಹಜ್ಯೋತಿ ಯೋಜನೆ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂತು. ‘200 ಯೂನಿಟ್ ಉಚಿತ’ ಎಂದು ಎಲ್ಲರ ಬಾಯಲ್ಲಿ ಉಂಟು, ಆದರೆ ಎಲ್ಲರಿಗೂ 200 ಅಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇಕಡಾ 10 ಸೇರಿಸುತ್ತಾರೆ. ಸರಾಸರಿ 60 ಇದ್ದರೆ ನಿಮ್ಮ ಪಾಲು 66. ಎಂಬತ್ತು ಸುಟ್ಟರೆ ಮೇಲಿನ 14 ಯೂನಿಟ್‌ಗೆ ಹಣ ಕಟ್ಟಬೇಕು. ಕಡಿಮೆ ಬಳಸುವವರಿಗೆ ಶೇಕಡಾ 10 ಅಂದರೆ ಏನೂ ಅಲ್ಲವಲ್ಲ? ಹಾಗಾಗಿ 2024ರ ಜನವರಿಯಲ್ಲಿ, ಸರಾಸರಿ 48ಕ್ಕಿಂತ ಕಡಿಮೆ ಇರುವವರಿಗೆ 10 ಯೂನಿಟ್ ಹೆಚ್ಚು ಕೊಡುವುದೆಂದು ಸರ್ಕಾರ ತೀರ್ಮಾನಿಸಿತು. ಆದರೆ ತಿಂಗಳಿಗೆ 200 ದಾಟಿತೋ, ಪೂರ್ತಿ ಬಿಲ್ಲು ನಿಮ್ಮದೇ.

ದಾಟಿಸುವುದು ಹೆಚ್ಚಾಗಿ ಬಚ್ಚಲು ಮನೆ. ಎರಡು ಸಾವಿರ ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ದಿನಾ ಅರ್ಧ ಗಂಟೆ ಅಂದರೆ ತಿಂಗಳಿಗೆ 30 ಯೂನಿಟ್! ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಒಂದು ಯೂನಿಟ್‌ನಲ್ಲಿ ನೂರು ಗಂಟೆ ದಾಟಿ ಉರಿಯುತ್ತದೆ. ತೆಂಗಿನ ಸಿಪ್ಪೆ, ಮಡಲು ಇರುವ ಮನೆಯವರು ಹಂಡೆಯ ಒಲೆಯನ್ನು ಒಡೆದು ಹಾಕಬೇಡಿ ಮಾರಾಯ್ರೆ.

ಇನ್ನು ಬಾಡಿಗೆಯವರ ವಿಷಯ, ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ. ಮೀಟರು ಯಜಮಾನರ ಹೆಸರಿನಲ್ಲಿದ್ದರೂ ನೀವು ಅರ್ಜಿ ಹಾಕಬಹುದು. ನಿಮ್ಮ ಆಧಾರ್, ಬಿಲ್ಲಿನಲ್ಲಿರುವ ಖಾತೆ ಸಂಖ್ಯೆ, ಬಾಡಿಗೆ ಕರಾರು ಪತ್ರ ಬೇಕು. ಯಜಮಾನರು ಕರಾರು ಮಾಡಿಕೊಡದಿದ್ದರೆ ಆ ಮನೆಯ ವಿಳಾಸ ಇರುವ ಮತದಾರರ ಗುರುತಿನ ಚೀಟಿಯೂ ನಡೆಯುತ್ತದೆ. ಮನೆ ಬದಲಿಸಿದಾಗ ಮೊದಲು ಹಳೆ ಮೀಟರಿನಿಂದ ಆಧಾರ್ ಜೋಡಣೆ ತೆಗೆಸಬೇಕು. 2024ರಿಂದ ಸೇವಾ ಸಿಂಧುವಿನಲ್ಲಿ ಅದಕ್ಕೆ ಅವಕಾಶ ಉಂಟು. ಆಮೇಲೆ ಹೊಸ ಮೀಟರಿಗೆ ಅರ್ಜಿ. ಮೊಬೈಲಿನಲ್ಲಿ ಮಾಡಲು ಬಾರದವರು ಗ್ರಾಮ ಒನ್ ಕೇಂದ್ರಕ್ಕೆ ಹೋಗಿ. ಒಂದೇ ಮೀಟರಿನಿಂದ ನಾಲ್ಕು ಕೋಣೆಗೆ ಲೈನ್ ಎಳೆದ ಕಡೆ ಮಾತ್ರ ಸೌಲಭ್ಯವೂ ಒಂದೇ. ಅಲ್ಲಿ ಯಜಮಾನರ ಹತ್ತಿರ ಮಾತಾಡದೆ ದಾರಿಯಿಲ್ಲ, ಒಬ್ಬರೇ ಹೋಗುವುದಕ್ಕಿಂತ ಗುಂಪಿನವರು ಇಬ್ಬರು ಜೊತೆಗೆ ಹೋಗಿ.

ಬಾಕಿ ಬೆಳೆದಿದ್ದರೆ ಅಡಗಿಸಿಡಬೇಡಿ. ಉಪವಿಭಾಗದ ಕಚೇರಿಗೆ ಹೋಗಿ, ಬರಹದಲ್ಲಿ ಅರ್ಜಿ ಕೊಟ್ಟು ಕಂತು ಕೇಳಿ. ಕೊಡುವುದು ಬಿಡುವುದು ಅಧಿಕಾರಿಗೆ ಬಿಟ್ಟದ್ದು, ಆದರೆ ಕೇಳದಿದ್ದರೆ ಸಿಗುವುದೇ ಇಲ್ಲ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ಪ್ರಕಾರ ಬಾಕಿಗಾಗಿ ಲೈನ್ ಕತ್ತರಿಸುವ ಮೊದಲು ಲಿಖಿತವಾಗಿ ಕನಿಷ್ಠ 15 ದಿನಗಳ ನೋಟಿಸ್ ಕೊಡಬೇಕು. ಬಿಲ್ಲಿನ ಹಿಂದೆ ಮುಂದೆ ಸಣ್ಣ ಅಕ್ಷರದಲ್ಲಿ ಏನಿದೆ ಎಂದು ಮಕ್ಕಳಿಂದ ಓದಿಸಿ. ಹಣ ಕಟ್ಟಿದರೆ ರಸೀದಿ ಕೇಳಿ. ದೂರಿಗೆ 1912.

ಆ ಸಹೋದರಿಯ ಹಳೆ ಜೋಡಣೆ ತೆಗೆಸಿ ಹೊಸ ಅರ್ಜಿ ಹಾಕಿ ಆಯಿತು. ಹಳೆಯ ಮೂರು ಸಾಲ ಮಾತ್ರ ಅವರೇ ತೀರಿಸಬೇಕು. ಬಡ್ಡಿ ಬಿಡುವ ಬಗ್ಗೆ ಅವರ ಗುಂಪು ಮುಂದಿನ ವಾರ ಕೂರುತ್ತದೆ. ನೀವೆಲ್ಲ ಮುಂದಿನ ಸಭೆಗೆ ಬರುವಾಗ ಒಂದೊಂದು ಬಿಲ್ಲು ತನ್ನಿ, ಒಟ್ಟಿಗೆ ಕೂತು ನೋಡುವ.