ಇಂಜಿನ್ ಎಣ್ಣೆಯಲ್ಲಿ ನೀರು: ಗುರುತು, ಕಾರಣ, ಉಪಾಯ

(ಕೆಂಗೇರಿ ಹೋಬಳಿಯ ರೈತರ ಮುಂದೆ ಆಡಿದ ಮಾತಿನ ಬರಹ)



ಹಸು ಮೇವು ಬಿಟ್ಟರೆ ನಾವು ಅಂದೇ ಅದರ ಬಾಯಿ, ಮೂಗು, ಸಗಣಿ ನೋಡುತ್ತೇವೆ. ಇಂಜಿನ್ನಿಗೆ ಬಾಯಿಯಿಲ್ಲ, ಅದು ತನ್ನ ರೋಗವನ್ನು ಎಣ್ಣೆಯಲ್ಲಿ ತೋರಿಸುತ್ತದೆ. ಆ ಎಣ್ಣೆಯನ್ನು ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆ.

ಈಗ ಕೊಳವೆ ಬಾವಿಗಳಿಗೆ ಬಹುಪಾಲು ವಿದ್ಯುತ್ ಮೋಟಾರು ಬಂದಿದೆ, ನಿಜ. ಆದರೂ ಕೆರೆ, ಹಳ್ಳಗಳಿಂದ ನೀರೆತ್ತುವ ಡೀಸೆಲ್ ಪಂಪು, ಟ್ರ್ಯಾಕ್ಟರು, ಪವರ್ ಟಿಲ್ಲರು, ಜನರೇಟರು ನಮ್ಮ ಹಳ್ಳಿಗಳಲ್ಲಿ ಉಳಿದಿವೆ. ಇವೆಲ್ಲವುಗಳ ಜೀವ ಹೊಟ್ಟೆಯಲ್ಲಿರುವ ಕೆಲವು ಲೀಟರು ಎಣ್ಣೆಯಲ್ಲಿದೆ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ನಮ್ಮ ತೋಟದಲ್ಲಿ ಐದು ಅಶ್ವಶಕ್ತಿಯ ಡೀಸೆಲ್ ಪಂಪು ಇತ್ತು. ಒಂದು ಬೇಸಿಗೆಯಲ್ಲಿ ಆಯಿಲ್ ಕಡ್ಡಿ ತೆಗೆದು ನೋಡಿದರೆ ಎಣ್ಣೆ ಮೇಲಿನ ಗೆರೆಯನ್ನು ದಾಟಿತ್ತು. ಎಣ್ಣೆ ಖರ್ಚಾಗಿಲ್ಲವೆಂದು ನಾನು ಸಂತೋಷಪಟ್ಟೆ! ಎರಡು ವಾರದಲ್ಲಿ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತು. ರಿಪೇರಿಯವರು ಹೊಸ ಎಣ್ಣೆ ಹಾಕಿಕೊಟ್ಟರು. ನೀರು ಎಲ್ಲಿಂದ ಬಂತೆಂದು ಅವರು ನೋಡಲಿಲ್ಲ, ನಾನೂ ಕೇಳಲಿಲ್ಲ. ಹತ್ತು ದಿನಕ್ಕೆ ಬೇರಿಂಗ್ ಸುಟ್ಟು ಇಂಜಿನ್ ನಿಂತಿತು. ಟೊಮೇಟೊ ಕಾಯಿ ಕಟ್ಟುವ ಕಾಲ. ಕಣ್ಣೆದುರೇ ಗಿಡ ಬಾಡಿತು. ಬಿಚ್ಚಿ ನೋಡಿದಾಗ ತಪ್ಪೆಲ್ಲ ಲೈನರಿನ ಕೆಳಗಿನ ಒಂದು ರಬ್ಬರು ಉಂಗುರದ್ದು. ಎಣ್ಣೆ ಬದಲಿಸುವುದು ಔಷಧವಲ್ಲ, ನೀರು ಬಂದ ದಾರಿಯನ್ನು ಹುಡುಕಿ ಮುಚ್ಚುವುದೇ ಔಷಧ ಎಂಬುದನ್ನು ನಾನು ಒಂದು ಬೆಳೆ ಕಳೆದುಕೊಂಡು ಕಲಿತೆ.

ನೀರಿನಿಂದ ಕೇಡೇನು?

ತಿರುಗುವ ದಂಡಕ್ಕೂ ಬೇರಿಂಗಿಗೂ ನಡುವೆ ಎಣ್ಣೆಯ ತೆಳುವಾದ ಪದರವಿರುತ್ತದೆ. ಲೋಹ ಲೋಹವನ್ನು ಮುಟ್ಟದಂತೆ ತಡೆಯುವುದು ಅದೇ. ನೀರು ಸೇರಿದರೆ ಆ ಪದರ ಹರಿಯುತ್ತದೆ, ಬೇರಿಂಗು ಉಜ್ಜಿ ಕಾಯುತ್ತದೆ. ಇಂಜಿನ್ ನಿಂತಾಗ ಒಳಭಾಗಕ್ಕೆ ತುಕ್ಕು ಹಿಡಿಯುತ್ತದೆ. ಎಣ್ಣೆ ಕೆಸರಿನಂತಾಗಿ ಫಿಲ್ಟರು ಕಟ್ಟಿಕೊಳ್ಳುತ್ತದೆ. ಮಲ್ಪೆ, ಮಂಗಳೂರಿನ ಮೀನುಗಾರರ ದೋಣಿ ಇಂಜಿನ್‌ಗಳಿಗೂ ಇದೇ ಕಾಟ. ಅಲ್ಲಿ ಸೇರುವುದು ಉಪ್ಪುನೀರಾದ್ದರಿಂದ ತುಕ್ಕು ಇನ್ನೂ ಬೇಗ.

ಗುರುತುಗಳು

ಪ್ರತಿದಿನ ಬೆಳಗ್ಗೆ, ಇಂಜಿನ್ ಚಾಲೂ ಮಾಡುವುದಕ್ಕೆ ಮುಂಚೆ, ಸಮನೆಲದ ಮೇಲೆ ಕಡ್ಡಿ ತೆಗೆದು ನೋಡತಕ್ಕದ್ದು. ಎಣ್ಣೆ ಹಾಕದೆಯೇ ಮಟ್ಟ ಏರಿದ್ದರೆ ಏನೋ ಒಳಸೇರಿದೆ ಎಂದು ತಿಳಿಯಿರಿ. ಬಣ್ಣ ಬೆಳ್ಳಗೆ, ಕಲಕಿದಂತಿದ್ದರೆ ಅದು ನೀರು. ತಂಪಿನ ನೀರು ದಿನವೂ ಕಡಿಮೆಯಾಗುವುದು, ಇಂಜಿನ್ ಕಾದ ಮೇಲೂ ಸೈಲೆನ್ಸರಿನಿಂದ ಬಿಳಿ ಆವಿ ಬರುವುದು, ರೇಡಿಯೇಟರಿನಲ್ಲಿ ಗುಳ್ಳೆ ಏಳುವುದು ಇವೂ ಗುರುತುಗಳು. ಕಾದಿರುವ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ತೆಗೆಯಕೂಡದು. ಕುದಿನೀರು ಮುಖಕ್ಕೆ ಚಿಮ್ಮೀತು.

ಮಟ್ಟ ಏರಿ, ಎಣ್ಣೆ ತೆಳ್ಳಗೆ ಕಪ್ಪಾಗಿಯೇ ಇದ್ದು ಡೀಸೆಲ್ ವಾಸನೆ ಹೊಡೆದರೆ ಸೇರಿರುವುದು ನೀರಲ್ಲ, ಡೀಸೆಲ್. ಅದಕ್ಕೆ ಡೀಸೆಲ್ ಪಂಪು, ನಾಜಲ್ ಪರೀಕ್ಷೆ ಮಾಡಿಸಬೇಕು.

ಮನೆಯಲ್ಲೇ ಮೂರು ಪರೀಕ್ಷೆ

1. ಇಂಜಿನ್ ಒಂದು ರಾತ್ರಿ ನಿಂತಿರಲಿ. ನೀರು ಎಣ್ಣೆಗಿಂತ ಭಾರ, ತಳಕ್ಕಿಳಿಯುತ್ತದೆ. ಬೆಳಗ್ಗೆ ಕೆಳಗಿನ ಡ್ರೈನ್ ಬೋಲ್ಟನ್ನು ಮೆಲ್ಲಗೆ ಸಡಿಲಿಸಿ, ಮೊದಲು ಬರುವ ಹನಿಗಳನ್ನು ಗಾಜಿನ ಲೋಟದಲ್ಲಿ ಹಿಡಿಯಿರಿ. ಮೊದಲು ನೀರು ಬಂದರೆ ಸಂಶಯವೇ ಬೇಡ.

2. ಸ್ವಲ್ಪ ಎಣ್ಣೆಯನ್ನು ಬಿಳಿ ಬಾಟಲಿಯಲ್ಲಿ ತುಂಬಿ ಒಂದು ದಿನ ಅಲುಗಿಸದೆ ಇಡಿ. ತಳದಲ್ಲಿ ನೀರಿನ ಪಟ್ಟಿ ಕಾಣಬಹುದು. ನೀರು ಎಣ್ಣೆ ಮಜ್ಜಿಗೆಯಂತೆ ಬೆರೆತುಹೋಗಿದ್ದರೆ ಬೇರೆಯಾಗದೆಯೂ ಇರಬಹುದು. ಆಗ ಮೂರನೆಯ ಪರೀಕ್ಷೆ ಬೇಕು.

3. ಅಡುಗೆಗೆ ಬಳಸದ ಹಳೆಯ ಹೆಂಚನ್ನು ಕಾಯಿಸಿ, ಉರಿಯಿಂದ ಇಳಿಸಿ. ಬಾಟಲಿಯನ್ನು ಕುಲುಕಿ ಎರಡೇ ಹನಿ ಎಣ್ಣೆ ಬಿಡಿ. ಒಗ್ಗರಣೆಗೆ ಸಾಸಿವೆ ಹಾಕಿದಂತೆ ಚಟಪಟ ಸಿಡಿದರೆ ನೀರಿದೆ. ಸಾವಿರದಲ್ಲಿ ಒಂದು ಪಾಲು ನೀರಿದ್ದರೂ ಈ ಸದ್ದು ಬರುತ್ತದೆ. ಸದ್ದಿಲ್ಲದೆ ಹರಡಿಕೊಂಡರೆ ನೀರಿಲ್ಲ. ಹೆಂಚು ಹೊಗೆಯಾಡುವಷ್ಟು ಕಾಯಬಾರದು. ಮುಖವನ್ನು ದೂರವಿಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಡೀಸೆಲ್ ಇರುವ ಕಡೆ ಈ ಕೆಲಸ ಕೂಡದು.

ನೀರು ಬಂದ ದಾರಿ

ಮೊದಲನೆಯದು ಬೆವರು. ಒಂದು ಲೀಟರು ಡೀಸೆಲ್ ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಹೊಗೆಯೊಡನೆ ಹೊರಹೋದರೂ ಸ್ವಲ್ಪ ಆವಿ ಎಣ್ಣೆಯಿರುವ ಕಡೆಗೆ ನುಸುಳುತ್ತದೆ. ಮಾಗಿಯ ಚಳಿಯಲ್ಲಿ ಐದೈದು ನಿಮಿಷ ಓಡಿಸಿ ನಿಲ್ಲಿಸುತ್ತಿದ್ದರೆ ಅದು ಒಳಗೇ ಹನಿಗಟ್ಟುತ್ತದೆ. ಎಣ್ಣೆ ಹಾಕುವ ಮುಚ್ಚಳದ ಕೆಳಗೆ ಮಾತ್ರ ಬಿಳಿ ನೊರೆಯಿದ್ದು, ಕಡ್ಡಿ ಶುದ್ಧವಾಗಿದ್ದು, ಮಟ್ಟವೂ ಏರದಿದ್ದರೆ ಹೆದರಬೇಡಿ. ಇಂಜಿನ್ ಚೆನ್ನಾಗಿ ಕಾಯುವಂತೆ ಒಂದು ಗಂಟೆ ಕೆಲಸ ಮಾಡಿಸಿದರೆ ಆರಿಹೋಗುತ್ತದೆ.

ಎರಡನೆಯದು ಮಳೆ. ಮುಚ್ಚಳವಿಲ್ಲದ ಸೈಲೆನ್ಸರು, ಹೊರಗಿಟ್ಟ ಎಣ್ಣೆ ಡಬ್ಬಿ, ನೀರು ಹಾಯಿಸಿ ತೊಳೆಯುವುದು ಇವು ದಾರಿಗಳು. ನೆಟ್ಟಗೆ ನಿಲ್ಲಿಸಿದ ಪೀಪಾಯಿಯ ತಲೆಯ ಮೇಲೆ ಮಳೆನೀರು ನಿಂತರೆ, ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವಾಗ ಅದು ನೀರನ್ನು ಒಳಗೆಳೆದುಕೊಳ್ಳುತ್ತದೆ. ಪೀಪಾಯಿಯನ್ನು ಮಾಡಿನ ಕೆಳಗೆ ಇಡಿ.

ಮೂರನೆಯದು ಒಳಗಿನ ಸೋರಿಕೆ: ಹೆಡ್ ಗ್ಯಾಸ್ಕೆಟ್ ಸುಟ್ಟಿರುವುದು, ಹೆಡ್ ಬಿರುಕು ಬಿಟ್ಟಿರುವುದು, ಲೈನರಿನ ರಬ್ಬರು ಉಂಗುರ ಸವೆದಿರುವುದು. ದೊಡ್ಡ ಇಂಜಿನ್‌ಗಳಲ್ಲಿ ಆಯಿಲ್ ಕೂಲರೂ ತೂತಾಗಬಹುದು. ಉಂಗುರದ ಪರೀಕ್ಷೆ ಸುಲಭ: ಎಣ್ಣೆ ಬಸಿದು, ಪಕ್ಕದ ಬಾಗಿಲು ತೆಗೆದು, ಒಳಗೆ ಒಣ ಕಾಗದ ಹಾಸಿ, ತಂಪಿನ ನೀರು ತುಂಬಿ ರಾತ್ರಿ ಬಿಡಿ. ಬೆಳಗ್ಗೆ ಕಾಗದ ನೆನೆದಿದ್ದರೆ, ಲೈನರಿನ ಹೊರಮೈಯಿಂದ ನೀರು ಇಳಿದಿರುವುದು ಕಂಡರೆ, ಕಳ್ಳ ಸಿಕ್ಕಿದಂತೆಯೇ. ಹೆಡ್ಡಿನ ಬಿರುಕು, ಮೇಲ್ಮೈ ಸಮತಟ್ಟು ಇವನ್ನು ವರ್ಕ್‌ಷಾಪಿನಲ್ಲೇ ನೋಡಿಸಬೇಕು. ಹೇಳುವಾಗ "ಎಣ್ಣೆ ಬದಲಿಸಿ" ಎನ್ನಬೇಡಿ. "ನೀರು ಎಲ್ಲಿಂದ ಬರುತ್ತಿದೆ ತೋರಿಸಿ" ಎನ್ನಿ.

ನಮ್ಮ ಸೀಮೆಯ ಒಂದು ಮಾತು. ಬೆಂಗಳೂರಿನ ಪಶ್ಚಿಮ ಬಡಾವಣೆಗಳ ಕೊಳಚೆ, ಕಾರ್ಖಾನೆಗಳ ಹೊಲಸು ಹೊತ್ತು ವೃಷಭಾವತಿಯು ಕೆಂಗೇರಿಯ ಪಕ್ಕದಿಂದ ಬೈರಮಂಗಲ ಕೆರೆಗೆ ಹರಿಯುತ್ತದೆ. ಇಂಥ ನೀರನ್ನು ಇಂಜಿನ್ ತಂಪಿಗೆ ಹಾಯಿಸಬೇಡಿ. ಒಳಗಿನ ಲೋಹವನ್ನು ತಿನ್ನುತ್ತದೆ, ಹೂಳು ಕಟ್ಟುತ್ತದೆ. ಕೊಳವೆ ಬಾವಿಯ ಗಡಸು ನೀರೂ ಒಳಗೆ ಸುಣ್ಣದ ಪದರ ಕಟ್ಟಿಸಿ, ಇಂಜಿನ್ ಅತಿಯಾಗಿ ಕಾದು ಗ್ಯಾಸ್ಕೆಟ್ ಸುಡುವಂತೆ ಮಾಡುತ್ತದೆ. ರೇಡಿಯೇಟರಿಗೆ ಕೂಲೆಂಟು, ತೊಟ್ಟಿಯ ಇಂಜಿನ್ನಿಗೆ ಶೋಧಿಸಿದ ಮಳೆನೀರು ಒಳ್ಳೆಯದು.

ನೀರು ಕಂಡರೆ ಮಾಡತಕ್ಕದ್ದು

ಕೂಡಲೇ ಇಂಜಿನ್ ನಿಲ್ಲಿಸಿ. ನೆರೆಯಲ್ಲಿ ಮುಳುಗಿದ ಇಂಜಿನ್ನನ್ನಂತೂ ಚಾಲೂ ಮಾಡಲೇಕೂಡದು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಮೈಸೂರು ಹೆದ್ದಾರಿಯಲ್ಲಿ ನೀರು ತುಂಬಿ ವಾಹನಗಳು ಮುಳುಗಿದ್ದನ್ನು ನೀವು ಬಲ್ಲಿರಿ. ಪಿಸ್ಟನ್ನಿನ ಮೇಲೆ ನೀರು ನಿಂತಿರುವಾಗ ತಿರುಗಿಸಿದರೆ, ನೀರು ಗಾಳಿಯಂತೆ ಕುಗ್ಗುವುದಿಲ್ಲ; ಕನೆಕ್ಟಿಂಗ್ ರಾಡೇ ಬಾಗುತ್ತದೆ.

ಸೋರುವ ಜಾಗವನ್ನು ಮೊದಲು ಸರಿಮಾಡಿಸಿ. ಅನಂತರ ಹಳೆಯ ಎಣ್ಣೆಯನ್ನು ಪೂರ್ತಿ ಬಸಿದು, ಫಿಲ್ಟರು ಬದಲಿಸಿ, ಕಡಿಮೆ ಬೆಲೆಯ ಇಂಜಿನ್ ಎಣ್ಣೆ ಹಾಕಿ, ಭಾರವಿಲ್ಲದೆ ಕೆಲವು ನಿಮಿಷ ಓಡಿಸಿ ಅದನ್ನೂ ಬಸಿಯಿರಿ. ಬಳಿಕ ಕಂಪನಿಯ ಪುಸ್ತಕ ಹೇಳುವ ಎಣ್ಣೆ ತುಂಬಿ. ಒಂದು ಗಂಟೆ ಕೆಲಸವಾದ ಮೇಲೆ ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು ಕಡ್ಡಿ ನೋಡಿ, ಮರುದಿನವೂ ನೋಡಿ. ಮತ್ತೆ ಬೆಳ್ಳಗಾದರೆ ದಾರಿ ಇನ್ನೂ ಮುಚ್ಚಿಲ್ಲ. ಬಸಿದ ಎಣ್ಣೆಯನ್ನು ಕಾಲುವೆಗೆ, ಹೊಲಕ್ಕೆ ಚೆಲ್ಲಬೇಡಿ. ಡಬ್ಬಿಯಲ್ಲಿಟ್ಟು, ಹಳೆಯ ಎಣ್ಣೆ ಕೊಳ್ಳಲು ಪರವಾನಗಿ ಇರುವವರಿಗೆ ಕೊಡಿ.

ಬಾಂಧವರೇ, ಕಡ್ಡಿ ನೋಡುವುದಕ್ಕೆ ಕಾಸು ಖರ್ಚಿಲ್ಲ, ಒಂದು ನಿಮಿಷವೂ ಬೇಡ. ಬಾಡಿಗೆಗೆ ತಂದ ಟ್ರ್ಯಾಕ್ಟರನ್ನೂ ಹೊಲಕ್ಕಿಳಿಸುವ ಮುಂಚೆ ಹೀಗೆಯೇ ನೋಡಿ. ಮನೆಯ ಹುಡುಗರಿಗೆ, ಹೆಣ್ಣುಮಕ್ಕಳಿಗೆ ಈ ಪರೀಕ್ಷೆ ಕಲಿಸಿ. ನಾಳೆ ಬೆಳಗ್ಗೆ ಹಾಲು ಕರೆದು ಬಂದ ಮೇಲೆ, ಇಂಜಿನ್ನಿನ ಹತ್ತಿರ ಹೋಗಿ ಒಮ್ಮೆ ಕಡ್ಡಿ ಎಳೆದು ನೋಡಿ. ಅಷ್ಟು ಮಾಡಿದರೆ ನಾನು ಇಷ್ಟು ಹೊತ್ತು ಮಾತಾಡಿದ್ದು ಸಾರ್ಥಕ.