ಚಳಿಗಾಲದಲ್ಲಿ ವಿದ್ಯುತ್ ಕಾರು

ಮಾಗಿಯ ಮುಂಜಾನೆ ಬಚ್ಚಲೊಲೆಯ ಮುಂದೆ ಕುಳಿತು ಕೈ ಕಾಯಿಸಿಕೊಂಡವರಿಗೆ ಒಂದು ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಲೆ ಹಚ್ಚಿದ್ದು ಹಂಡೆಯ ನೀರಿಗಾಗಿ. ಕೈಗೆ ದೊರೆತ ಶಾಖ ಪುಕ್ಕಟೆ. ಪೆಟ್ರೋಲ್ ಕಾರಿನ ಸಂಗತಿಯೂ ಹೀಗೆಯೇ. ಅದು ಕುಡಿಯುವ ಎಣ್ಣೆಯ ಶಕ್ತಿಯಲ್ಲಿ ಹೆಚ್ಚಿನ ಪಾಲು ಚಕ್ರವನ್ನು ತಲಪದೆ ಶಾಖವಾಗಿ ಪೋಲಾಗುತ್ತದೆ. ಶೀತದೇಶದ ಜನ ಆ ಪೋಲಾದ ಶಾಖವನ್ನೇ ಕಾರಿನೊಳಕ್ಕೆ ತಿರುಗಿಸಿಕೊಂಡು ಬೆಚ್ಚಗೆ ಕೂರುತ್ತಾರೆ. ವಿದ್ಯುತ್ ಕಾರು ಇಂಥ ದುಂದುಗಾರನಲ್ಲ. ಅದರ ಮೋಟಾರು ಪಡೆದ ಶಕ್ತಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಕೆಲಸಕ್ಕೇ ಹಚ್ಚುತ್ತದೆ. ಆ ಮಿತವ್ಯಯವೇ ಚಳಿಗಾಲದಲ್ಲಿ ಅದಕ್ಕೆ ತೊಡಕು. ಒಳಗಿನವರನ್ನು ಬೆಚ್ಚಗಿಡಲು ಬೇಕಾದ ಶಾಖವನ್ನು ಬ್ಯಾಟರಿಯ ಗಂಟಿನಿಂದಲೇ ತೆಗೆಯಬೇಕು.

ಆ ಗಂಟು ಎಷ್ಟು ಕರಗುತ್ತದೆ? ಅಮೆರಿಕದ ಮೋಟಾರು ಸಂಘವು 2019ರಲ್ಲಿ ಐದು ಕಾರುಗಳನ್ನು ಪರೀಕ್ಷಿಸಿತು. ಸೊನ್ನೆಗಿಂತ ಸುಮಾರು 7 ಡಿಗ್ರಿ ಕೆಳಗಿನ ಚಳಿಯಲ್ಲಿ, ಒಳಗೆ ಶಾಖ ಹಾಕದೆ ಓಡಿಸಿದರೆ ಕಾರು ಕ್ರಮಿಸುವ ದೂರ ಸರಾಸರಿ ನೂರಕ್ಕೆ 12ರಷ್ಟು ಕಡಿಮೆಯಾಯಿತು; ಶಾಖ ಹಾಕಿದರೆ 41ರಷ್ಟು. ನಡುವಣ ಅಂತರವನ್ನು ಗಮನಿಸಿ. ದೊಡ್ಡ ಕಳ್ಳ ಚಳಿಯಲ್ಲ, ಚಳಿಗೆ ನಾವು ಹಚ್ಚಿಕೊಂಡ ಒಲೆ! ಮುಂದೆ ಅನೇಕ ಕಾರುಗಳಿಗೆ ಶಾಖವನ್ನು ಹೊಸದಾಗಿ ಹುಟ್ಟಿಸುವುದರ ಬದಲು ಹೊರಗಿನ ಗಾಳಿಯಿಂದಲೇ ಎಳೆದು ತರುವ ಶಾಖಪಂಪು ಬಂದಿದೆ. ಇದರಿಂದ ಖರ್ಚು ಬಹಳ ಇಳಿಯುತ್ತದೆ. ಆದರೆ ಚಳಿ ಬಲಿತಷ್ಟೂ ಅದರ ಕೈಯೂ ಸೋಲುತ್ತದೆ.

ಇನ್ನು ಬ್ಯಾಟರಿಯ ಒಳಗೆ ನಡೆಯುವುದನ್ನು ನೋಡೋಣ. ಲಿಥಿಯಂ ಕೋಶವನ್ನು ರೂಪಿಸಿದ್ದಕ್ಕಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತಷ್ಟೆ. ಈ ಕೋಶದಲ್ಲಿ ಲಿಥಿಯಂ ಅಯಾನುಗಳು ಒಂದು ದ್ರವದ ಮೂಲಕ ಈ ದಡದಿಂದ ಆ ದಡಕ್ಕೆ ಈಜುತ್ತವೆ. ಚಳಿಯಲ್ಲಿ ಆ ದ್ರವ ಮಂದವಾಗುತ್ತದೆ. ಡಿಸೆಂಬರಿನ ಕೊಬ್ಬರಿ ಎಣ್ಣೆಯನ್ನು ನೆನೆದುಕೊಳ್ಳಿ, ಹೋಲಿಕೆ ಪೂರ್ತಿ ಸರಿಯಲ್ಲದಿದ್ದರೂ ಕೆಲಸಕ್ಕೆ ಸಾಕು. ಕಾರನ್ನು ಓಡಿಸುವಾಗ ಇದರಿಂದಾಗುವ ನಷ್ಟ ತಾತ್ಕಾಲಿಕ. ಬಿಸಿಯೇರಿದ ಮೇಲೆ ಶಕ್ತಿ ಮರಳುತ್ತದೆ. ಚಾರ್ಜು ಮಾಡುವಾಗಿನ ಮಾತು ಬೇರೆ. ಆಗ ಅಯಾನುಗಳು ಗ್ರಾಫೈಟಿನ ಪದರಗಳೊಳಗೆ ನುಸುಳಿ ಕೂರಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಪದರಗಳು ಅವನ್ನು ಬೇಗ ಒಳಗೆ ಬಿಟ್ಟುಕೊಳ್ಳಲಾರವು. ಹಿಂದಿನಿಂದ ನೂಕು ಹೆಚ್ಚಾದರೆ ಅವು ಬಾಗಿಲಲ್ಲೇ ಲೋಹವಾಗಿ ಅಂಟಿಕೊಳ್ಳುತ್ತವೆ. ಹಾಗೆ ಅಂಟಿದ್ದರಲ್ಲಿ ಒಂದಷ್ಟು ಮತ್ತೆ ಕೆಲಸಕ್ಕೆ ಬಾರದು. ಬ್ಯಾಟರಿಯ ಆಯುಸ್ಸಿಗೆ ಅಷ್ಟು ಕೊರತೆ. ಸೂಜಿಯಂತೆ ಬೆಳೆದು ನಡುವಣ ತೆಳುತೆರೆಯನ್ನು ಚುಚ್ಚಿದರೆ ಒಳಗೇ ಷಾರ್ಟ್ ಆಗುವ ಭಯವೂ ಉಂಟು.

ಆದಕಾರಣ ಕಾರಿನೊಳಗಿನ ನಿಯಂತ್ರಣ ಯಂತ್ರ ತಣ್ಣಗಿನ ಬ್ಯಾಟರಿಗೆ ಹೆಚ್ಚು ವಿದ್ಯುತ್ತನ್ನು ಬಿಡುವುದಿಲ್ಲ; ಮೊದಲು ಅದನ್ನು ಕಾಯಿಸುತ್ತದೆ. ಚಾರ್ಜಿಂಗ್ ಕೇಂದ್ರ ಎಷ್ಟೇ ಬಲಶಾಲಿಯಾಗಿರಲಿ, ಉಣ್ಣುವವನು ಬಾಯಿ ಮುಚ್ಚಿದರೆ ಬಡಿಸುವವನು ಮಾಡುವುದೇನು? ಜನ ಬೈಯುವುದು ಮಾತ್ರ ಕೇಂದ್ರವನ್ನು. ಕಾಯಿಸುವ ಖರ್ಚನ್ನು ನೀವೇ ಲೆಕ್ಕ ಹಾಕಬಹುದು: 400 ಕಿಲೋ ತೂಕದ ಬ್ಯಾಟರಿಯನ್ನು 25 ಡಿಗ್ರಿಯಷ್ಟು ಮೇಲೇರಿಸಲು ಸುಮಾರು 3 ಯೂನಿಟ್ ಬೇಕು. ಮನೆಯ ಸಾಮಾನ್ಯ ಪ್ಲಗ್ಗಿನಿಂದ ಗಂಟೆಗೆ ಎರಡು ಯೂನಿಟ್ ಬರುವುದಾದರೆ, ಒಂದೂವರೆ ಗಂಟೆಯ ವಿದ್ಯುತ್ತು ಬರೀ ಮೈ ಕಾಯಿಸುವುದಕ್ಕೇ ಹೋಯಿತು.

2024ರ ಜನವರಿಯಲ್ಲಿ ಷಿಕಾಗೋ ನಗರದಲ್ಲಿ ಕಡುಚಳಿ ಬಿದ್ದಾಗ ಚಾರ್ಜಿಂಗ್ ಕೇಂದ್ರಗಳ ಮುಂದೆ ಕಾರುಗಳು ಗಂಟೆಗಟ್ಟಲೆ ಸಾಲುಗಟ್ಟಿದವು; ಕೆಲವು ಅಲ್ಲಿಯೇ ಬರಿದಾಗಿ ನಿಂತು, ಎಳೆಸಿಕೊಂಡು ಹೋಗಬೇಕಾಯಿತು. ವಿದ್ಯುತ್ ಕಾರು ಚಳಿಗೆ ಆಗದು ಎಂದು ಕೆಲವರು ತೀರ್ಪು ಕೊಟ್ಟೇಬಿಟ್ಟರು. ಆದರೆ ಷಿಕಾಗೋವಿಗಿಂತ ಎಷ್ಟೋ ಉತ್ತರದಲ್ಲಿರುವ ನಾರ್ವೆಯಲ್ಲಿ ಅದೇ ವರ್ಷ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ವಿದ್ಯುತ್ತಿನವು. ಅಲ್ಲಿಯ ಬಹುಮಂದಿ ರಾತ್ರಿ ಮನೆಯಲ್ಲೇ ಚಾರ್ಜು ಮಾಡುತ್ತಾರೆ. ಪೆಟ್ರೋಲ್ ಕಾಲದಲ್ಲೂ ಚಳಿಯ ರಾತ್ರಿ ಎಂಜಿನ್ನನ್ನು ಬೆಚ್ಚಗಿಡಲು ಪ್ಲಗ್ ಚುಚ್ಚುವ ಪರಿಪಾಠ ಅವರಲ್ಲಿತ್ತು. ಹೊಸದಾಗಿ ಕಲಿಯಬೇಕಾದ್ದು ಹೆಚ್ಚೇನಿರಲಿಲ್ಲ.

ಬೆಂಗಳೂರು, ಮೈಸೂರುಗಳಲ್ಲಿರುವ ನಮಗೆ ಈ ಚಿಂತೆ ಇಲ್ಲ. ಆದರೆ ನಿಮ್ಮ ಮಗಳೋ ಸೋದರಳಿಯನೋ ಹಿಮ ಬೀಳುವ ಊರಿನಲ್ಲಿ ವಿದ್ಯುತ್ ಕಾರು ಕೊಂಡಿದ್ದರೆ, ಮುಂದಿನ ಸಲ ಮಾತಾಡುವಾಗ ಇಷ್ಟು ಹೇಳಿ. ಮನೆಗೆ ಬಂದೊಡನೆ, ಬ್ಯಾಟರಿ ಇನ್ನೂ ಬೆಚ್ಚಗಿರುವಾಗಲೇ, ಚಾರ್ಜಿಗೆ ಹಾಕಲಿ. ಹೊರಡುವುದಕ್ಕೆ ಅರ್ಧ ಗಂಟೆ ಮುಂಚೆ, ಪ್ಲಗ್ಗು ಇರುವಾಗಲೇ, ಕಾರಿನ ಒಳಗನ್ನು ಕಾಯಿಸಿಕೊಳ್ಳಲಿ. ಆ ಶಾಖದ ಬೆಲೆ ಮನೆಯ ಬಿಲ್ಲಿಗೆ ಹೋಗುತ್ತದೆ, ದಾರಿಯ ಲೆಕ್ಕಕ್ಕಲ್ಲ. ದೂರಪ್ರಯಾಣದಲ್ಲಿ ಚಾರ್ಜಿಂಗ್ ಕೇಂದ್ರವನ್ನೇ ಗುರಿಯಾಗಿ ಕಾರಿನ ನಕಾಶೆಯಲ್ಲಿ ತೋರಿಸಿದರೆ, ಎಷ್ಟೋ ಕಾರುಗಳು ದಾರಿಯಲ್ಲೇ ಬ್ಯಾಟರಿಯನ್ನು ಕಾಯಿಸಿ ಸಿದ್ಧಪಡಿಸಿಕೊಳ್ಳುತ್ತವೆ. ಗಾಳಿಯನ್ನೆಲ್ಲ ಬಿಸಿ ಮಾಡುವುದಕ್ಕಿಂತ ಆಸನವನ್ನು ಬಿಸಿ ಮಾಡಿಕೊಳ್ಳುವುದು ಎಷ್ಟೋ ಅಗ್ಗ.

ಮತ್ತೊಂದು ಮಾತು, ಇದು ಪ್ರಾಣಕ್ಕೆ ಸಂಬಂಧಿಸಿದ್ದು. ಕಾಲು ತೆಗೆದೊಡನೆ ಈ ಕಾರು ತಾನೇ ನಿಧಾನವಾಗುವುದು ಚಲನೆಯ ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುವುದರಿಂದ. ತಣ್ಣಗಿನ ಬ್ಯಾಟರಿ ಆ ಚಾರ್ಜನ್ನೂ ಒಲ್ಲೆ ಎನ್ನುತ್ತದೆ. ಆದ್ದರಿಂದ ಚಳಿಯ ಬೆಳಗಿನ ಮೊದಲ ಕೆಲವು ಮೈಲಿ ಕಾರು ರೂಢಿಯಂತೆ ನಿಲ್ಲದಿರಬಹುದು. ರಸ್ತೆಯಲ್ಲಿ ಹಿಮವಿದ್ದರಂತೂ ಮುಂದಿನ ವಾಹನದಿಂದ ಇನ್ನಷ್ಟು ದೂರವಿದ್ದು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಹೊರಡಬೇಕು.