ಮಾಯವಾದ ಮಕ್ಕಳು, ಕಾಗದ ಕೂಡಿಟ್ಟ ತಾಯಂದಿರು

ಈ ಮಾಲಿಕೆಯ ಕೇಳುಗರು ಮತ್ತೆ ಮತ್ತೆ ಎತ್ತುತ್ತಿರುವ ಸಂದೇಹ ಒಂದೇ: ಸರ್ಕಾರವೇ ಬಂದೂಕು ಹಿಡಿದು ನಿಂತಾಗ ನಾಲ್ಕು ಜನ ಹೆಂಗಸರು ಫೋಟೊ ಹಿಡಿದು ಬೀದಿಗೆ ಬಂದರೆ ಆಗುವುದೇನು? ಸೇನೆ ಹೆದರುತ್ತದೆಯೇ? ಹೆದರುವುದಿಲ್ಲ, ಒಪ್ಪಿಕೊಳ್ಳೋಣ. ಆದರೂ ಅರ್ಜೆಂಟೀನಾದ ತಾಯಂದಿರು ಹಾಗೆ ಬೀದಿಗೆ ಬಂದದ್ದರಿಂದ ಏನಾಯಿತು ಎಂಬುದಕ್ಕೆ ಅಲ್ಲಿನ ನ್ಯಾಯಾಲಯಗಳ ತೀರ್ಪುಗಳೇ ಇವೆ.

1976ರ ಮಾರ್ಚ್ 24ರಂದು ಅರ್ಜೆಂಟೀನಾದ ಸೇನಾ ಮುಖ್ಯಸ್ಥ ಜನರಲ್ ವಿದೇಲಾ ಮತ್ತು ಸಂಗಡಿಗರು ಅಧಿಕಾರ ಕಿತ್ತುಕೊಂಡರು. ಗಮನಿಸಬೇಕಾದದ್ದು ಅವರು ಹೂಡಿದ ಉಪಾಯವನ್ನು. ಮೂರು ವರ್ಷ ಮೊದಲು ಚಿಲಿಯ ಸೇನೆ ಕ್ರೀಡಾಂಗಣದಲ್ಲಿ ಜನರನ್ನು ಕೂಡಿಹಾಕಿ ಜಗತ್ತಿನ ಛೀಮಾರಿ ಹಾಕಿಸಿಕೊಂಡಿತ್ತು. ಇವರು ಅಂಥ ದೃಶ್ಯವನ್ನೇ ಉಳಿಸಲಿಲ್ಲ. ರಾತ್ರಿ ನಂಬರ್ ಪ್ಲೇಟ್ ಇಲ್ಲದ ಕಾರು ಬರುತ್ತಿತ್ತು, ಹುಡುಗನನ್ನೋ ಹುಡುಗಿಯನ್ನೋ ಎತ್ತಿಕೊಂಡು ಹೋಗುತ್ತಿತ್ತು. ಬೆಳಿಗ್ಗೆ ಠಾಣೆಗೆ ಹೋದರೆ, ಆ ಹೆಸರಿನವರು ಯಾರೂ ಇಲ್ಲಿಲ್ಲ. ಬಂಧನದ ದಾಖಲೆ ಇಲ್ಲ, ಆದ್ದರಿಂದ ಕೈದಿ ಇಲ್ಲ. ಕೈದಿ ಇಲ್ಲ, ಆದ್ದರಿಂದ ವಿಚಾರಣೆ ಇಲ್ಲ. ಶವ ಇಲ್ಲ, ಆದ್ದರಿಂದ ಕೊಲೆಯೂ ಇಲ್ಲ. ಇದನ್ನು ಇನ್ನೊಮ್ಮೆ ಹೇಳುತ್ತೇನೆ, ಏಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ: ಕೊಂದದ್ದಷ್ಟೇ ಅಲ್ಲ, ಕೊಂದೇ ಇಲ್ಲ ಎನ್ನುವುದಕ್ಕೆ ಬೇಕಾದ ಏರ್ಪಾಡೂ ಮೊದಲೇ ಸಿದ್ಧವಿತ್ತು. ಕಾಣೆಯಾದವರು ಸತ್ತೂ ಇಲ್ಲ, ಬದುಕಿಯೂ ಇಲ್ಲ ಎಂಬರ್ಥದ ಮಾತನ್ನು ವಿದೇಲಾ 1979ರಲ್ಲಿ ಪತ್ರಕರ್ತರೆದುರೇ ಆಡಿದರು.

ಈ ಏರ್ಪಾಡಿಗೆ ಮದ್ದು ಕಂಡುಕೊಂಡವರು ಸಚಿವಾಲಯದ ಬಾಗಿಲಲ್ಲಿ ಕಾದು ಕಾದು ಪರಸ್ಪರ ಗುರುತಾದ ತಾಯಂದಿರು. 1977ರ ಏಪ್ರಿಲ್ 30ರಂದು ಅಸುಸೇನಾ ವಿಯಾಫ್ಲೋರ್ ಅವರ ಮುಂದಾಳತ್ವದಲ್ಲಿ 14 ಮಂದಿ ಅಧ್ಯಕ್ಷರ ಭವನದೆದುರಿನ ಪ್ಲಾಸಾ ದೆ ಮಾಯೊ ಚೌಕದಲ್ಲಿ ಸೇರಿದರು. ಗುಂಪುಗೂಡುವುದಕ್ಕೆ ನಿಷೇಧವಿತ್ತು, ಪೊಲೀಸರು ನಡೆಯಿರಿ ಎಂದರು; ಇವರು ನಡೆದರು, ಇಬ್ಬಿಬ್ಬರಾಗಿ, ಚೌಕದ ಸ್ತಂಭದ ಸುತ್ತ. ಆಮೇಲೆ ಪ್ರತಿ ಗುರುವಾರ ನಡೆದರು. ಚಿತ್ರಗಳಲ್ಲಿ ನಾವು ಕಾಣುವುದು ಇಷ್ಟೇ. ಕಾಣದಿರುವುದು ಕಾಗದದ ಕೆಲಸ. ಕುಟುಂಬಗಳು ನ್ಯಾಯಾಲಯಗಳಿಗೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಹಿಡಿದೊಯ್ದವರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ ಎಂಬ ಅರ್ಜಿ, ಹಾಕುತ್ತಲೇ ಇದ್ದವು. ನಮ್ಮ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನಲ್ಲಿ ಬಂಧಿತರಾದ ನಾಯಕರು ಹೈಕೋರ್ಟಿಗೆ ಸಲ್ಲಿಸಿದ್ದೂ ಇಂಥದೇ ಅರ್ಜಿ. ಅರ್ಜೆಂಟೀನಾದಲ್ಲಿ ಈ ಅರ್ಜಿಗಳು ಬಹುಪಾಲು ತಿರಸ್ಕೃತವಾದವು. ಹಾಗಾದರೆ ವ್ಯರ್ಥವಾಯಿತಲ್ಲ ಎನ್ನುವವರು ಇಲ್ಲೇ ಎಡವುತ್ತಾರೆ. ತಿರಸ್ಕರಿಸಬೇಕಾದರೆ ಸರ್ಕಾರ ಉತ್ತರಿಸಬೇಕು, ಅಂಥವರು ನಮ್ಮ ವಶದಲ್ಲಿಲ್ಲ ಎಂದು ಬರೆದು ಕೊಡಬೇಕು. ಯಾವ ದಾಖಲೆಯೂ ಇರಬಾರದೆಂದು ಹೊರಟವರ ಕೈಯಿಂದಲೇ ಸುಳ್ಳಿಗೊಂದು ದಾಖಲೆ ಹುಟ್ಟಿತು, ತಾರೀಖಿನ ಸಮೇತ.

ತಾಯಂದಿರಾದ್ದರಿಂದ ಸೇನೆ ಇವರನ್ನು ಮುಟ್ಟಲಿಲ್ಲ ಎಂಬ ನಂಬಿಕೆಯೊಂದು ಹಬ್ಬಿದೆ. ಅದು ಶುದ್ಧ ಸುಳ್ಳು. ಕಾಣೆಯಾದವನೊಬ್ಬನ ತಮ್ಮನೆಂದು ಹೇಳಿಕೊಂಡು ಅವರೊಳಗೆ ಸೇರಿದವನು ನೌಕಾಪಡೆಯ ಅಧಿಕಾರಿ ಆಲ್ಫ್ರೆದೊ ಆಸ್ತಿಸ್. 1977ರ ಡಿಸೆಂಬರ್‌ನಲ್ಲಿ ವಿಯಾಫ್ಲೋರ್ ಸೇರಿ ಮೂವರು ಸಂಸ್ಥಾಪಕಿಯರನ್ನೂ ಇಬ್ಬರು ಫ್ರೆಂಚ್ ಸನ್ಯಾಸಿನಿಯರನ್ನೂ ಎತ್ತಿಕೊಂಡು ಹೋಗಿ, ವಿಮಾನದಿಂದ ಸಮುದ್ರಕ್ಕೆ ಎಸೆದರು. ಆ ಮೂವರಲ್ಲೊಬ್ಬರಾದ ಎಸ್ತೆರ್ ಬಾಯೆಸ್ತ್ರಿನೊ ಅವರ ಮಗಳು ಅಷ್ಟರಲ್ಲಿ ಬಿಡುಗಡೆಯಾಗಿದ್ದಳು. ಬಾಯೆಸ್ತ್ರಿನೊ ಮನೆಯಲ್ಲಿರಬಹುದಿತ್ತು, ಉಳಿದವರ ಮಕ್ಕಳಿಗಾಗಿ ಚೌಕಕ್ಕೆ ಮರಳಿದ್ದರು. ಇದನ್ನೆಲ್ಲ ತಾಯಿಯ ಕಣ್ಣೀರು ಎಂದು ಕರೆದು ಕೈತೊಳೆದುಕೊಳ್ಳುವ ಲೇಖನಗಳನ್ನು ಓದಿದರೆ ಬೇಸರ ಬರುತ್ತದೆ. ದಡಕ್ಕೆ ಬಂದ ಶವಗಳನ್ನು ಆಗ ಹೆಸರಿಲ್ಲದೆ ಹೂಳಲಾಗಿತ್ತು. 2005ರಲ್ಲಿ ಡಿಎನ್‌ಎ ಪರೀಕ್ಷೆ ಗುರುತು ಹಿಡಿಯಿತು. 2011ರಲ್ಲಿ ಆಸ್ತಿಸ್‌ಗೆ ಜೀವಾವಧಿ ಶಿಕ್ಷೆಯಾಯಿತು.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಸೇನಾಡಳಿತ ಬಿದ್ದದ್ದು 1982ರ ಫಾಕ್‌ಲ್ಯಾಂಡ್ ಯುದ್ಧದ ಸೋಲಿನಿಂದ, ತಾಯಂದಿರಿಂದಲ್ಲ ಎನ್ನುತ್ತಾರೆ. ನಿಜ. ಆದರೆ ಯುದ್ಧ ಸೋತ ಸೇನೆ ಬ್ಯಾರಕ್ಕಿಗೆ ಮರಳಿ ನೆಮ್ಮದಿಯಾಗಿರಬಹುದಿತ್ತು. 1985ರಲ್ಲಿ ವಿದೇಲಾ ಕಟಕಟೆಯಲ್ಲಿ ಕೂರಬೇಕಾಗಿ ಬಂದದ್ದು ಪ್ರಾಸಿಕ್ಯೂಟರ್ ಮುಂದಿಟ್ಟ 709 ಪ್ರಕರಣಗಳಿಂದ. ಆ ಹಳೆಯ ಅರ್ಜಿಗಳೂ ಸರ್ಕಾರದ ಸುಳ್ಳು ಉತ್ತರಗಳೂ ಅಲ್ಲಿ ಸಾಕ್ಷ್ಯವಾದವು. ಆಮೇಲೆ ಸೇನಾಧಿಕಾರಿಗಳನ್ನು ವಿಚಾರಣೆಯಿಂದ ರಕ್ಷಿಸುವ ಕಾನೂನುಗಳು ಬಂದವು, 1990ರಲ್ಲಿ ವಿದೇಲಾಗೆ ಕ್ಷಮಾದಾನವೂ ಸಿಕ್ಕಿತು. ಒಂದು ಕಿಂಡಿ ಮಾತ್ರ ಮುಚ್ಚಲಿಲ್ಲ. ಸೆರೆಯಲ್ಲಿ ಹೆತ್ತವರಿಂದ ಕಸಿದು ಬೇರೆಯವರಿಗೆ ಕೊಟ್ಟ ಶಿಶುಗಳ ಅಪಹರಣ ಆ ಕಾನೂನುಗಳ ಹೊರಗೇ ಉಳಿಯಿತು. ಆ ಶಿಶುಗಳನ್ನು ಹುಡುಕುತ್ತಿದ್ದ ಅಜ್ಜಿಯಂದಿರ ಸಂಘಟನೆ ಅದನ್ನೇ ಹಿಡಿಯಿತು. ತಂದೆತಾಯಿ ಇಲ್ಲದಿದ್ದರೂ ಅಜ್ಜಿಯ ರಕ್ತದಿಂದ ಮೊಮ್ಮಗುವನ್ನು ಗುರುತಿಸುವ ವಿಧಾನ ಅಮೆರಿಕದ ತಳಿವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಮೊದಲಾದವರ ನೆರವಿನಿಂದ ರೂಪುಗೊಂಡಿತು. 1987ರಲ್ಲಿ ರಾಷ್ಟ್ರೀಯ ತಳಿ ದತ್ತಾಂಶ ಬ್ಯಾಂಕ್ ಕಾನೂನಿನಿಂದಲೇ ಸ್ಥಾಪನೆಯಾಯಿತು. ಈವರೆಗೆ 130ಕ್ಕೂ ಹೆಚ್ಚು ಮೊಮ್ಮಕ್ಕಳು ಪತ್ತೆಯಾಗಿದ್ದಾರೆ. ಕ್ಷಮಾದಾನ ಪಡೆದಿದ್ದ ವಿದೇಲಾ 1998ರಲ್ಲಿ ಮತ್ತೆ ಬಂಧನಕ್ಕೊಳಗಾದದ್ದು ಈ ಶಿಶುಗಳ ಪ್ರಕರಣದಲ್ಲಿ. 2012ರಲ್ಲಿ ಅದಕ್ಕಾಗಿಯೇ 50 ವರ್ಷಗಳ ಶಿಕ್ಷೆ ಬಿತ್ತು, ಮರುವರ್ಷ ಆತ ಸೆರೆಮನೆಯಲ್ಲೇ ಸತ್ತ.

ಸಮಯ ಮೀರುತ್ತಿದೆ. ನಾವೇನು ಮಾಡಬಹುದು ಎಂದು ಕೇಳಿದವರಿಗೆ ಇಷ್ಟು ಹೇಳಿಬಿಡುತ್ತೇನೆ. ಯಾವ ಕಚೇರಿಯಲ್ಲೂ ದೂರನ್ನು ಬಾಯಲ್ಲಿ ಹೇಳಿ ಬರಬೇಡಿ. ಬರೆದು ಕೊಟ್ಟು, ತಾರೀಖು ಮತ್ತು ಮೊಹರು ಇರುವ ಸ್ವೀಕೃತಿ ಪಡೆಯಿರಿ. ಇಲ್ಲ ಎಂದರೆ, ಇಲ್ಲ ಎಂಬುದನ್ನೇ ಬರೆಸಿಕೊಳ್ಳಿ. ಪ್ರತಿಯೊಂದನ್ನು ಇನ್ನೊಬ್ಬರ ಮನೆಯಲ್ಲೂ ಇಟ್ಟಿರಿ.